ಗ್ರಂಥಾಲಯದ ಕೀಬೋರ್ಡ್‌ಗಳಲ್ಲಿ ನಾವು ಹುಡುಕಿದ ಬ್ಯಾಕ್ಟೀರಿಯಾ

ನಾನು ಸೂಕ್ಷ್ಮಜೀವಿಶಾಸ್ತ್ರ ಬೋಧಿಸುವ ಕಾಲೇಜಿನ ಗ್ರಂಥಾಲಯದಲ್ಲಿ ವಿದ್ಯಾರ್ಥಿಗಳೆಲ್ಲರೂ ಸರದಿಯಂತೆ ಬಳಸುವ ಎಂಟು ಕಂಪ್ಯೂಟರ್‌ಗಳಿವೆ. ಅಂತಿಮ ವರ್ಷದವರೊಡನೆ ಅವುಗಳ ಕೀಬೋರ್ಡ್‌ಗಳನ್ನು ಪರೀಕ್ಷಿಸಿದಾಗ, ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯಲ್ಲಿ ಎಷ್ಟು ಬೆಳೆಯಿತು ಎಂಬುದಕ್ಕಿಂತ ಏನು ಬೆಳೆಯಿತು ಎಂಬುದನ್ನು ಖಚಿತಪಡಿಸಿಕೊಳ್ಳುವುದಕ್ಕೇ ನಮಗೆ ಹೆಚ್ಚು ಶ್ರಮ ಹಿಡಿಯಿತು.

ಒಣ ಸ್ವಾಬ್‌ಗೆ (ತುದಿಗೆ ಹತ್ತಿ ಸುತ್ತಿದ ಕಡ್ಡಿಗೆ) ಬ್ಯಾಕ್ಟೀರಿಯಾ ಚೆನ್ನಾಗಿ ಅಂಟುವುದಿಲ್ಲವಾದ್ದರಿಂದ, ಸೂಕ್ಷ್ಮಜೀವಿಗಳಿಲ್ಲದ, ಅಂದರೆ ಸ್ಟೆರೈಲ್ ಸ್ವಾಬನ್ನು ಶೇ. 0.85ರ ಸಲೈನ್ ಎಂಬ ಉಪ್ಪುನೀರಿನಲ್ಲಿ ಅದ್ದಿ, ಹೆಚ್ಚು ಒತ್ತಲ್ಪಡುವ ಸ್ಪೇಸ್ ಬಾರ್, ಎಂಟರ್ ಮತ್ತು ಕೆಲವು ಅಕ್ಷರಗಳ ಕೀಲಿಗಳ ಮೇಲೆ ಉರುಳಿಸಿದೆವು. ಹೋಲಿಕೆಗೆಂದು ಕೀಬೋರ್ಡ್ ಮುಟ್ಟದ ಒಂದು ಸ್ವಾಬನ್ನೂ ತಟ್ಟೆಗೆ ಹಚ್ಚಿದ್ದೆವು. ಮೊದಲ ಸಲ ಆ ತಟ್ಟೆಯಲ್ಲೂ ಕಾಲೊನಿಗಳು, ಅಂದರೆ ಬ್ಯಾಕ್ಟೀರಿಯಾ ಗುಂಪಾಗಿ ಬೆಳೆದ ಚುಕ್ಕೆಗಳು, ಕಾಣಿಸಿಕೊಂಡವು. ಸ್ವಾಬಿನ ಪೊಟ್ಟಣ ಮೊದಲೇ ತೆರೆದಿತ್ತು. ಅಂದಿನ ಅಷ್ಟೂ ತಟ್ಟೆಗಳನ್ನು ಬಿಟ್ಟು ಮತ್ತೆ ಮೊದಲಿನಿಂದ ಆರಂಭಿಸಿದೆವು.

37 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಇಟ್ಟ, ಹಲವು ಬಗೆಯ ಬ್ಯಾಕ್ಟೀರಿಯಾ ಬೆಳೆಯುವ ಪೋಷಕ ಜೆಲ್ಲಿಯಾದ ನ್ಯೂಟ್ರಿಯೆಂಟ್ ಅಗಾರ್ ಬಿಳಿಯ, ದುಂಡನೆಯ ಕಾಲೊನಿಗಳಿಂದ ತುಂಬಿತ್ತು. ಕರುಳಿನ ಬ್ಯಾಕ್ಟೀರಿಯಾಗಳಂಥವು ಬೆಳೆಯುವ ಮ್ಯಾಕ್‌ಕಾಂಕಿ ಅಗಾರ್ ಬಹುತೇಕ ಖಾಲಿಯಾಗಿತ್ತು. ಮನಸ್ಸಿಗೆ ಹಿಡಿದದ್ದು ಮ್ಯಾನಿಟಾಲ್ ಸಾಲ್ಟ್ ಅಗಾರ್. ಅದರಲ್ಲಿರುವ ಶೇ. 7.5ರಷ್ಟು ಉಪ್ಪನ್ನು ತಾಳಿಕೊಳ್ಳುವ, ಚರ್ಮದ ಮೇಲೆ ವಾಸಿಸುವ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾಗಳಲ್ಲಿ, ಮ್ಯಾನಿಟಾಲ್ ಎಂಬ ಸಕ್ಕರೆಯಂಥ ವಸ್ತುವನ್ನು ಹುದುಗಿಸಿ ಆಮ್ಲ ಉಂಟುಮಾಡುವಂಥವು ಫೀನಾಲ್ ರೆಡ್ ಬಣ್ಣವನ್ನು ಹಳದಿಗೆ ತಿರುಗಿಸುತ್ತವೆ. ಎರಡು ಕೀಬೋರ್ಡ್‌ಗಳ ತಟ್ಟೆಗಳಲ್ಲಿ ಹಳದಿ ಕಂಡದ್ದೇ ತಡ, ವಿದ್ಯಾರ್ಥಿಗಳು ಗಾಯಗಳಲ್ಲಿ ಸೋಂಕು ಉಂಟುಮಾಡಬಲ್ಲ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂದು ಬರೆದುಕೊಂಡರು. ಆದರೆ ಬೇರೆ ಕೆಲವು ಸ್ಟ್ಯಾಫಿಲೊಕಾಕಸ್‌ಗಳೂ ಹಾಗೆ ಮಾಡಬಲ್ಲವು. ಬ್ಯಾಕ್ಟೀರಿಯಾಗಳ ಗುಂಪು ಗುರುತಿಸುವ ಗ್ರಾಂ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಎರಡರಲ್ಲೂ ಸ್ಟ್ಯಾಫಿಲೊಕಾಕಸ್‌ನ ಲಕ್ಷಣವಾದ ನೇರಳೆಯ ದ್ರಾಕ್ಷಿಗೊಂಚಲುಗಳೇ ಕಂಡವು. ಮೊಲದ ಪ್ಲಾಸ್ಮಾದೊಂದಿಗೆ ನಾಲ್ಕು ಗಂಟೆ ಇಟ್ಟು ಮಾಡಿದ ಕೊಯಾಗ್ಯುಲೇಸ್ ಪರೀಕ್ಷೆಯಲ್ಲಿ ಒಂದು ಮಾತ್ರ ಹೆಪ್ಪುಗಟ್ಟಿತು, ಅಂದರೆ ಆರಿಯಸ್ ಎನ್ನಬಹುದಾದದ್ದು ಅದೊಂದೇ.

ಫಲಿತಾಂಶ ಕೇಳಿದ ಗ್ರಂಥಪಾಲಕರು ಕಂಪ್ಯೂಟರ್‌ಗಳನ್ನು ಮುಚ್ಚಿಬಿಡೋಣವೇ ಎಂದು ಕೇಳಿದರು. ಅಷ್ಟು ಭಯಪಡಬೇಕಾಗಿಲ್ಲ, ಆರೋಗ್ಯವಂತರಲ್ಲೂ ಅನೇಕರ ಮೂಗಿನಲ್ಲಿ ಈ ಬ್ಯಾಕ್ಟೀರಿಯಾ ಇರುತ್ತದೆ, ಬೆರಳಿನಲ್ಲಿ ಗಾಯವಿದ್ದವರು ಮಾತ್ರ ಹೆಚ್ಚು ಎಚ್ಚರ ವಹಿಸಬೇಕು ಎಂದು ವಿವರಿಸಿದೆ.

ನಂತರ ಕಂಪ್ಯೂಟರ್‌ಗಳನ್ನು ಸ್ವಿಚ್ ಆಫ್ ಮಾಡಿ, ಶೇ. 70ರ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೆನೆಸಿ ಹಿಂಡಿದ ಬಟ್ಟೆಯಿಂದ ಕೀಲಿಗಳನ್ನು ಒರೆಸಿದೆವು. ಹೆಚ್ಚು ತೀಕ್ಷ್ಣವಾದದ್ದೇ ಉತ್ತಮವಲ್ಲವೇ ಎಂದು ಒಬ್ಬಳು ಕೇಳಿದಳು. ಪ್ರೋಟೀನುಗಳನ್ನು ಕೆಡಿಸಲು ಆಲ್ಕೋಹಾಲ್‌ಗೆ ನೀರೂ ಬೇಕು. ಶುದ್ಧ ಆಲ್ಕೋಹಾಲ್ ಬೇಗನೆ ಆರಿಯೂ ಹೋಗುತ್ತದೆ. ಒರೆಸಿದ ಮೇಲೆ ಉಳಿದದ್ದು ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾದ ಅಂಚು ಒರಟಾದ ನಾಲ್ಕಾರು ಕಾಲೊನಿಗಳು, ಏಕೆಂದರೆ ಅದರ ಸ್ಪೋರ್‌ಗಳು (ಗಟ್ಟಿ ಕವಚದ ಸುಪ್ತ ರೂಪಗಳು) ಆಲ್ಕೋಹಾಲ್‌ಗೆ ಸಾಯುವುದಿಲ್ಲ. ಮರುದಿನ ಸಂಜೆ ತೆಗೆದ ಸ್ವಾಬ್‌ಗಳಲ್ಲಿ ಬಿಳಿ ಕಾಲೊನಿಗಳು ಹಿಂದಿನಷ್ಟೇ ದಟ್ಟವಾಗಿ ಮರಳಿದ್ದವು. ಕೈಗಳಿಂದ ಬಂದವು ಕೈಗಳಿಂದಲೇ ಮತ್ತೆ ಬಂದಿದ್ದವು.

ಬಳಸಿದ ತಟ್ಟೆಗಳನ್ನೆಲ್ಲ 121 ಡಿಗ್ರಿಯಲ್ಲಿ ಆಟೊಕ್ಲೇವ್ ಮಾಡಿದ, ಅಂದರೆ ಒತ್ತಡದ ಹಬೆಯಲ್ಲಿ ಸೂಕ್ಷ್ಮಜೀವಿಗಳನ್ನು ಕೊಂದ ನಂತರವೇ ವಿಲೇವಾರಿ ಮಾಡಿದೆವು. ಗ್ರಂಥಾಲಯದ ಬಾಗಿಲ ಬಳಿಯ ಕೈತೊಳೆಯುವ ತೊಟ್ಟಿ ಬಹುಕಾಲದಿಂದ ಸಾಬೂನಿಲ್ಲದೆ ಇತ್ತು. ಅಲ್ಲಿ ಈಗ ಸಾಬೂನು ಇದೆ, ಅದು ಮುಗಿಯುವ ಮುನ್ನ ಮತ್ತೆ ಇಡುವ ಹೊಣೆಯನ್ನು ಆ ವಿದ್ಯಾರ್ಥಿಗಳೇ ವಹಿಸಿಕೊಂಡಿದ್ದಾರೆ.