ಸೆವೆನ್ ಸಿಸ್ಟರ್ಸ್ ನಡಿಗೆ: ಮೊದಲು ಬಸ್ಸು, ಆಮೇಲೆ ಕಾಲು

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಸೆವೆನ್ ಸಿಸ್ಟರ್ಸ್ ಸುಣ್ಣದ ಬಂಡೆಗಳ ಮೇಲೆ ನಡೆಯಲು ಕಾರು ಬೇಡ. ಈಸ್ಟ್‌ಬೋರ್ನ್‌ನಲ್ಲಿ ಕೋಣೆ ಹಿಡಿದು, ಬೆಳಿಗ್ಗೆ ಬ್ರೈಟನ್ ಕಡೆ ಹೋಗುವ 12ನೇ ನಂಬರ್ ಬಸ್ಸಿನಲ್ಲಿ ಎಕ್ಸೀಟ್‌ಗೆ ಹೋಗಿ. ಅಲ್ಲಿಂದ ಬರ್ಲಿಂಗ್ ಗ್ಯಾಪ್, ಬೀಚಿ ಹೆಡ್ ದಾಟಿ ಈಸ್ಟ್‌ಬೋರ್ನ್‌ಗೆ ಸುಮಾರು 13 ಕಿ.ಮೀ. ಬಸ್ಸಿನ ಕೆಲಸ ಬೆಳಿಗ್ಗೆಯೇ ಮುಗಿಯುವುದರಿಂದ ಸಂಜೆ ಕೊನೆಯ ಬಸ್ಸಿನ ಚಿಂತೆ ಇಲ್ಲ. ಗಾಳಿ ಹೆಚ್ಚಾಗಿ ನೈರುತ್ಯದಿಂದ ಬೀಸುವ ಕಾರಣ ಬೆನ್ನಿಗೇ ಇರುತ್ತದೆ.

ಎಕ್ಸೀಟ್‌ಗಿಂತ ಪಶ್ಚಿಮಕ್ಕಿರುವ ಸೀಫರ್ಡ್ ಊರಿನಿಂದಲೇ ನಡೆದು ಹೊರಟರೆ ಈಸ್ಟ್‌ಬೋರ್ನ್‌ಗೆ ದೂರ ಸುಮಾರು 22 ಕಿ.ಮೀ. ಹಲವರು ಎಡವುವುದು ಇಲ್ಲೇ: ನಕ್ಷೆಯಲ್ಲಿ ಕಕ್‌ಮಿಯರ್ ನದಿ ಸಮುದ್ರ ಸೇರುವ ಜಾಗ ಕಿರಿದಾಗಿ ಕಂಡರೂ ಅಲ್ಲಿ ಸೇತುವೆ ಇಲ್ಲ. ಒಳಗೆ ಎಕ್ಸೀಟ್ ಸೇತುವೆವರೆಗೆ ಹೋಗಿ ಸುತ್ತಿ ಬರಲೇಬೇಕು.

ಅಂಚಿನಿಂದ ಕನಿಷ್ಠ 5 ಮೀಟರ್ ದೂರವಿರಿ. ಹುಲ್ಲಿನ ಕೆಳಗೆ ಬಂಡೆ ಕೊರೆದು ಟೊಳ್ಳಾಗಿರಬಹುದು, ಮೇಲಿನಿಂದ ಗೊತ್ತಾಗುವುದಿಲ್ಲ. ಬಂಡೆಯ ಬುಡದಲ್ಲಿ ಕೂರುವುದೂ ಬೇಡ. ಮಳೆಯಾದ ಮೇಲೆ ಸುಣ್ಣದ ಕಲ್ಲು ಸೋಪಿನಂತೆ ಜಾರುತ್ತದೆ, ಹಿಡಿತವಿರುವ ಬೂಟು ಹಾಕಿ. ಎಕ್ಸೀಟ್ ಬಿಟ್ಟ ಮೇಲೆ ಬರ್ಲಿಂಗ್ ಗ್ಯಾಪ್‌ವರೆಗೆ ಅಂಗಡಿ, ನೆರಳು ಎರಡೂ ಇಲ್ಲ. ತಲಾ ಒಂದೂವರೆ ಲೀಟರ್ ನೀರು ಇರಲಿ.

ಬಸ್ ಬಂದಾಗ ಕೈ ತೋರಿಸಿ, ಕಾಂಟ್ಯಾಕ್ಟ್‌ಲೆಸ್ ಕಾರ್ಡ್ ಸಾಕು. ಸರ್ಕಾರದ ದರ ಮಿತಿ ಯೋಜನೆಗೆ ಸೇರಿದ ಬಸ್ಸುಗಳಲ್ಲಿ 2025ರ ಜನವರಿಯಿಂದ ಒಂದು ಕಡೆಯ ಟಿಕೆಟ್‌ಗೆ 3 ಪೌಂಡ್ ಮಿತಿ ಇದೆ. ಈಗಲೂ ಇದೆಯೇ ನೋಡಿಕೊಳ್ಳಿ. ಭಾನುವಾರದ ವೇಳಾಪಟ್ಟಿ ಬೇರೆ. ಡಬಲ್ ಡೆಕ್ಕರ್ ಬಂದರೆ ಮೇಲಿನ ಮುಂದಿನ ಸೀಟು ಬಿಡಬೇಡಿ!