ಕಣಿಗೆ ಇಳಿಯುವ ಮುನ್ನ: ತೋಟದ ಕೆಲಸದವರು ಇಲಿಜ್ವರದಿಂದ ಪಾರಾಗುವುದು ಹೇಗೆ?

ಜೂನ್‌ನಲ್ಲಿ ಮಳೆ ಹಿಡಿದುಕೊಂಡರೆ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ತೋಟಗಳಲ್ಲಿ ಕಣಿ, ಅಂದರೆ ನೀರು ಹರಿದುಹೋಗುವ ಕಾಲುವೆ, ಬಿಡಿಸುವ ಕೆಲಸ ಶುರು. ಮೊಣಕಾಲುದ್ದದ ಕೆಸರು, ಕೊಳೆತ ಸೋಗೆ, ಹಟ್ಟಿಯಿಂದ ಹರಿದುಬಂದ ಗಂಜಲ ಎಲ್ಲವೂ ಒಂದೇ ಕಣಿಯಲ್ಲಿ. ಇಲಿಜ್ವರ ತರುವ ಲೆಪ್ಟೋಸ್ಪೈರಾ ಬ್ಯಾಕ್ಟೀರಿಯಾಕ್ಕೆ ಬೇಕಾದದ್ದೂ ಇದೇ. ಹೆಸರು ಇಲಿಯದ್ದಾದರೂ ದನ, ನಾಯಿ, ಹಂದಿಗಳ ಮೂತ್ರದಲ್ಲೂ ಅದು ಹೊರಬೀಳುತ್ತದೆ. ಒದ್ದೆ ಮಣ್ಣಿನಲ್ಲಿ ವಾರಗಟ್ಟಲೆ ಬದುಕುತ್ತದೆ, ಒಣಗಿದರೆ ಸಾಯುತ್ತದೆ. ಮೈಯೊಳಗೆ ಹೋಗುವುದು ಗಾಯದ ಮೂಲಕ, ಇಲ್ಲವೇ ಕಣ್ಣು, ಮೂಗು, ಬಾಯಿಯ ಮೂಲಕ.

ಮೊದಲು ರೋಗ ಬಾರದಂತೆ ತಡೆಯುವ ಮಾತ್ರೆ. ದೊಡ್ಡವರಿಗೆ ಡಾಕ್ಸಿಸೈಕ್ಲಿನ್ 200 ಮಿಲಿಗ್ರಾಂ, ವಾರಕ್ಕೊಮ್ಮೆ. ಸರಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತದೆ. 100ರ ಎರಡು ಮಾತ್ರೆ ಕೊಟ್ಟಾಗ ಇವತ್ತೊಂದು, ನಾಳೆಯೊಂದು ನುಂಗುವವರಿದ್ದಾರೆ. ಎರಡನ್ನೂ ಒಟ್ಟಿಗೇ ತೆಗೆದುಕೊಳ್ಳಬೇಕು. ಕೆಲಸಕ್ಕೆ ಇಳಿಯುವ ಮುನ್ನಾದಿನ ಮೊದಲ ಡೋಸ್, ಆಮೇಲೆ ಪ್ರತಿ ವಾರ ಅದೇ ದಿನ. ಸಾಮಾನ್ಯವಾಗಿ 6 ವಾರಕ್ಕೆ ಕೊಡುತ್ತಾರೆ. ಕೆಲಸ ಅದಕ್ಕಿಂತ ಮುಂದುವರಿದರೆ ವೈದ್ಯರನ್ನು ಕೇಳಿಯೇ ಮುಂದಿನದು.

ಮಾತ್ರೆ ಬಿಟ್ಟುಬಿಡುವವರಲ್ಲಿ ಹೆಚ್ಚಿನವರು ಹೇಳುವ ಕಾರಣ ಒಂದೇ: ಹೊಟ್ಟೆ ತೊಳೆಸುತ್ತದೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹಾಗಾಗುವುದು ಸಹಜ. ಊಟ ಮಾಡಿ, ತುಂಬಿದ ಲೋಟ ನೀರಿನೊಂದಿಗೆ ನುಂಗಿ, ಕನಿಷ್ಠ ಅರ್ಧ ಗಂಟೆ ಮಲಗಬೇಡಿ. ರಾತ್ರಿ ಒಂದು ಗುಟುಕು ನೀರಿನಲ್ಲಿ ನುಂಗಿ ಚಾಪೆ ಹಿಡಿದರೆ ಮಾತ್ರೆ ಅನ್ನನಾಳದಲ್ಲೇ ಕೂತು ಹುಣ್ಣು ಮಾಡಬಹುದು, ಆಗ ಮರುದಿನ ಉಗುಳು ನುಂಗುವುದೂ ಕಷ್ಟ. ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ, ಗ್ಯಾಸಿನ ಮದ್ದು ತೆಗೆದುಕೊಳ್ಳುವವರು ಎರಡು ಗಂಟೆಯಾದರೂ ಅಂತರ ಇಡಿ, ಇಲ್ಲದಿದ್ದರೆ ಔಷಧ ಮೈಗೆ ಹಿಡಿಯುವುದಿಲ್ಲ. ಗರ್ಭಿಣಿಯರು, ಮೊಲೆಯೂಡಿಸುವ ತಾಯಂದಿರು, ಮಕ್ಕಳು ಇದನ್ನು ತಾವಾಗಿ ತೆಗೆದುಕೊಳ್ಳಬಾರದು. ಅವರಿಗೆ ಏನು ಕೊಡಬೇಕೆಂದು ವೈದ್ಯರು ಹೇಳುತ್ತಾರೆ.

ತೋಟದ ಯಜಮಾನರಿಗೊಂದು ಮಾತು. ಮಾತ್ರೆಗಾಗಿ ಅರ್ಧ ದಿನದ ಸಂಬಳ ಬಿಟ್ಟು ಆಸ್ಪತ್ರೆಗೆ ಹೋಗಿ ಎಂದರೆ ಯಾರೂ ಹೋಗಲಾರರು. ಆಶಾ ಕಾರ್ಯಕರ್ತೆಯೊಂದಿಗೆ ನೀವೇ ಮಾತಾಡಿ, ಎಷ್ಟು ಮಂದಿ ಎಂಬ ಲೆಕ್ಕ ಕೊಡಿ. ಬಂಗಾಳ, ಅಸ್ಸಾಂ ಕಡೆಯಿಂದ ಬಂದವರೂ ಆ ಲೆಕ್ಕದಲ್ಲಿರಲಿ. ಅವರಿಗೆ ಈ ಜ್ವರದ ಬಗ್ಗೆ ಹೇಳುವವರೇ ಕಡಿಮೆ.

ಮಾತ್ರೆ ನುಂಗಿದ ಮಾತ್ರಕ್ಕೆ ಬರಿಗಾಲಲ್ಲಿ ಇಳಿಯಬಹುದೆಂದಲ್ಲ. ಬೆಳಿಗ್ಗೆ ಬೆಳಕಿನಲ್ಲಿ ಕೂತು ಕಾಲು ನೋಡಿಕೊಳ್ಳಿ. ಹಿಮ್ಮಡಿಯ ಬಿರುಕು, ಕತ್ತಿ ತಾಗಿದ ಗೀರು, ಎಲ್ಲಕ್ಕಿಂತ ಹೆಚ್ಚಾಗಿ ಬೆರಳ ಸಂದಿ. ಅಲ್ಲಿ ಕೆಸರು ತಿಂದು ಚರ್ಮ ಬೆಳ್ಳಗೆ ಸುಲಿದಿದ್ದರೆ ಗಾಯವೆಂದು ಯಾರಿಗೂ ಅನಿಸುವುದಿಲ್ಲ, ಆದರೆ ರೋಗಾಣುವಿಗೆ ಅಷ್ಟು ದಾರಿ ಸಾಕು. ಸಣ್ಣ ಗಾಯವಾದರೆ ನೀರು ಹೋಗದ ಪ್ಲಾಸ್ಟರ್ ಹಚ್ಚಿ ಬೂಟು ಹಾಕಿ. ತೆರೆದ ಹುಣ್ಣಿದ್ದರೆ ಮಾಯುವ ತನಕ ಒಣ ಕೆಲಸ ಕೊಡಿ: ಹಾಳೆ ಹೆಕ್ಕುವುದು, ಅಡಿಕೆ ಸುಲಿಯುವುದು.

ಗಂಬೂಟು ಮೊಣಕಾಲ ಹತ್ತಿರದವರೆಗೆ ಬರಬೇಕು. ವಾರಕ್ಕೊಮ್ಮೆ ಬೂಟಿನ ಬಾಯಿಯನ್ನು ಬಿಗಿಯಾಗಿ ಮಡಚಿ ಹಿಡಿದು ಬಕೆಟ್ ನೀರಿನಲ್ಲಿ ಅದುಮಿ. ಗುಳ್ಳೆ ಎದ್ದ ಕಡೆ ತೂತಿದೆ. ಹಿಮ್ಮಡಿಯ ಮೇಲಿನ ಮಡಿಕೆಯಲ್ಲೇ ಬೇಗ ಒಡೆಯುವುದು. ಬೂಟಿಗಿಂತ ಆಳವಾದ ಕಡೆ ಇಳಿದು ಒಳಗೆ ನೀರು ತುಂಬಿಕೊಂಡರೆ ಕೂಡಲೇ ಹತ್ತಿ ಬಂದು ಚೆಲ್ಲಿ, ಕಾಲು ತೊಳೆಯಿರಿ. ಸಂಜೆಯವರೆಗೆ ಆ ಕೊಳಕು ನೀರಿನಲ್ಲಿ ನೆನೆದು ಚರ್ಮ ಮೆತ್ತಗಾದರೆ ರೋಗಾಣು ಒಳಹೋಗುವುದು ಸುಲಭ. ಕೆಲಸ ಮುಗಿದ ಮೇಲೆ ಬೂಟು ತೊಳೆದು ಗೂಟಕ್ಕೆ ತಲೆಕೆಳಗಾಗಿ ಸಿಕ್ಕಿಸಿ. ಎರಡು ಜೊತೆ ಇದ್ದರೆ ಒಂದು ಒಣಗಲು ಹೊತ್ತು ಸಿಗುತ್ತದೆ.

ತೋಡಿನ ನೀರಿನಲ್ಲಿ ಮುಖ ತೊಳೆಯಬೇಡಿ, ಬಾಯಿ ಮುಕ್ಕಳಿಸಬೇಡಿ. ಬುತ್ತಿಯ ಉಳಿಕೆ ಅನ್ನವನ್ನು ಪಂಪ್ ಶೆಡ್ ಪಕ್ಕ ಎಸೆದರೆ ಹೆಗ್ಗಣಕ್ಕೆ ಆಮಂತ್ರಣ ಕೊಟ್ಟ ಹಾಗೆ. ಹಟ್ಟಿಯ ನೀರು ಗುಂಡಿಗೆ ಹೋಗಲಿ, ಕಣಿಗೆ ಬೇಡ.

ಇಷ್ಟಾದರೂ ಜ್ವರ ಬಂದರೆ? ಸಾಮಾನ್ಯವಾಗಿ ಕೆಸರಿಗೆ ಇಳಿದ 5ರಿಂದ 14 ದಿನದೊಳಗೆ ಕಾಣಿಸುತ್ತದೆ: ಚಳಿಜ್ವರ, ತಲೆನೋವು, ಕೆಂಪಾದ ಕಣ್ಣು, ಮುಟ್ಟಿದರೆ ಚೀರುವಷ್ಟು ಮೀನಖಂಡದ ನೋವು. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿ, ಈ ರೋಗ ಹೊಡೆಯುವುದೇ ಮೂತ್ರಪಿಂಡವನ್ನು. ಕೆಲವು ನೋವಿನ ಮಾತ್ರೆಗಳೂ ಅದನ್ನೇ ಕೆಡಿಸುತ್ತವೆ. ಅದೇ ದಿನ ಆಸ್ಪತ್ರೆಗೆ ಹೋಗಿ, "ಕಣಿಯ ಕೆಲಸ ಮಾಡಿದ್ದೇನೆ" ಎಂದು ಮೊದಲ ಮಾತಿಗೇ ಹೇಳಿ. ಡಾಕ್ಸಿಸೈಕ್ಲಿನ್ ತೆಗೆದುಕೊಂಡದ್ದನ್ನೂ ಹೇಳಿ. ಮೂತ್ರ ಕಡಿಮೆಯಾದರೆ, ಕಣ್ಣು ಹಳದಿಯಾದರೆ, ಉಸಿರು ಕಟ್ಟಿದರೆ ಒಂದು ಗಂಟೆಯೂ ಕಾಯಬಾರದು. ರೋಗಾಣುವಿನ ವಿರುದ್ಧ ಮೈ ಹುಟ್ಟಿಸುವ ಪ್ರತಿಕಾಯವನ್ನು ರಕ್ತದಲ್ಲಿ ಹುಡುಕುವ ಐಜಿಎಂ ಪರೀಕ್ಷೆ ಮೊದಲ ನಾಲ್ಕೈದು ದಿನಗಳಲ್ಲಿ ನೆಗೆಟಿವ್ ತೋರಿಸಬಹುದು, ಆದ್ದರಿಂದ ಆ ಚೀಟಿ ನೋಡಿ ಚಿಕಿತ್ಸೆ ಅರ್ಧಕ್ಕೆ ಬಿಟ್ಟು ಮನೆಗೆ ಬರಬೇಡಿ.