ಜಂಬಿಟ್ಟಿಗೆ ಗೋಡೆ ಮನೇಲಿ ವೈಫೈ ಸರಿ ಮಾಡ್ಕೊಂಡಿದ್ದು

ವೈಫೈ ಸ್ಲೋ ಅಂದ ಕೂಡ್ಲೇ ಎಲ್ಲರೂ ದೊಡ್ಡ ಪ್ಲಾನ್ ಹಾಕಿಸ್ತಾರೆ, ಇಲ್ಲಾ ಬೂಸ್ಟರ್ ತರ್ತಾರೆ. ಮಲೆನಾಡಿನ ಸಾಗರದ ಕಡೆ ಹಳೇ ಮನೆಗಳಲ್ಲಿ ಇವೆರಡರಿಂದ್ಲೂ ಅಷ್ಟಾಗಿ ಏನೂ ಆಗಲ್ಲ, ಯಾಕಂದ್ರೆ ಅಡ್ಡ ಇರೋದು ದಪ್ಪ ಜಂಬಿಟ್ಟಿಗೆ ಗೋಡೆ, ಮಳೆಗಾಲದಲ್ಲಿ ಅದು ನೀರು ಕುಡಿದು ಕೂತಿರುತ್ತೆ. ನಮ್ಮನೇಲಿ ಫೈಬರ್ ಬಂದು ನಿಂತಿರೋದು ಜಗಲೀಲಿ, ನಾನು ಆಫೀಸ್ ಕೆಲಸಕ್ಕೆ ಕೂರೋದು ಹಿಂದಿನ ರೂಮಲ್ಲಿ, ಮಧ್ಯ ಅಂಥ ಎರಡು ಗೋಡೆ.

ಫೋನಲ್ಲಿ ಕಾಣೋ ಕಡ್ಡಿ ನೋಡ್ಕೊಂಡು ಏನೂ ತೀರ್ಮಾನ ಮಾಡ್ಬೇಡಿ. ವೈಫೈ ಅನಲೈಸರ್ ಥರದ ಆಪ್ ಹಾಕ್ಕೊಂಡ್ರೆ ಸಿಗ್ನಲ್ ಬಲಾನ ಡಿಬಿಎಂ ಅನ್ನೋ ಅಳತೆಯಲ್ಲಿ ತೋರಿಸುತ್ತೆ, ಅದು ಮೈನಸ್ ನಂಬರು, ಸೊನ್ನೆಗೆ ಹತ್ರ ಬಂದಷ್ಟೂ ಒಳ್ಳೇದು, 10 ಇಳಿದ್ರೆ ಸಿಗ್ನಲ್ ಹತ್ತರಲ್ಲಿ ಒಂದು ಪಾಲಾಯ್ತು ಅಂತ ಅರ್ಥ. ವಿಡಿಯೋ ಕಾಲ್ ತಡೀದೆ ನಡೀಬೇಕು ಅಂದ್ರೆ -67ರ ಆಸುಪಾಸು ಇರಬೇಕು. ಜಗಲೀಲಿ -45 ಇದ್ದಿದ್ದು ಹಿಂದಿನ ರೂಮಿಗೆ ಬರೋ ಹೊತ್ತಿಗೆ, ರೌಟರಿನ ಎರಡು ಫ್ರೀಕ್ವೆನ್ಸಿಗಳ ಪೈಕಿ 5 ಗಿಗಾಹರ್ಟ್ಸಲ್ಲಿ -84, 2.4ರಲ್ಲಿ -70. ಫ್ರೀಕ್ವೆನ್ಸಿ ಏರಿದಷ್ಟೂ ಗೋಡೆ ಜಾಸ್ತಿ ನುಂಗುತ್ತೆ.

ಅದಕ್ಕೇ ನಾನು ಬೂಸ್ಟರ್ ತಗೊಳ್ಳಲೇ ಇಲ್ಲ. ಸೋತ ಸಿಗ್ನಲ್ಲನ್ನೇ ಹಿಡಿದು ಅದೇ ರೇಡಿಯೋದಲ್ಲಿ ಮತ್ತೆ ಕಳಿಸೋ ಮಾಮೂಲಿ ಬೂಸ್ಟರಲ್ಲಿ ಸ್ಪೀಡ್ ಸುಮಾರು ಅರ್ಧಕ್ಕೆ ಇಳಿಯುತ್ತೆ. ಬದಲಿಗೆ ಜಗಲಿಯಿಂದ ಅಟ್ಟದ ಮೇಲೇ ಹಿಂದಿನ ರೂಮಿಗೆ ಕ್ಯಾಟ್ 6 ಅನ್ನೋ ನೆಟ್‌ವರ್ಕ್ ಕೇಬಲ್ ಎಳೆದೆ (ಹೊರಗಡೆಯಿಂದ ಎಳೀಬೇಡಿ, ನಮ್ಮಲ್ಲಿ ಸಿಡಿಲು ಬಿಡಲ್ಲ). ಆ ತುದೀಲಿ ಇನ್ನೊಂದು ರೌಟರು, ಅದನ್ನ ಬರೀ ವೈಫೈ ಹರಡೋ ಆಕ್ಸೆಸ್ ಪಾಯಿಂಟ್ ಮೋಡಿಗೆ ಹಾಕಿ, ಫೋನು ಲ್ಯಾಪ್‌ಟಾಪಿಗೆಲ್ಲ ಐಪಿ ವಿಳಾಸ ಹಂಚೋ ಡಿಎಚ್‌ಸಿಪಿ ಕೆಲಸ ಜಗಲಿ ರೌಟರಿಗೊಂದಕ್ಕೇ ಬಿಟ್ಟು, ಎರಡಕ್ಕೂ ಒಂದೇ ಹೆಸರು ಒಂದೇ ಪಾಸ್‌ವರ್ಡ್ ಕೊಟ್ಟೆ. ಈಗ ಕೂತಲ್ಲಿ -48 ತೋರಿಸ್ತಿದೆ.

ಚಾನೆಲ್ (ಒಂದೊಂದು ಫ್ರೀಕ್ವೆನ್ಸಿಯೊಳಗೂ ನಂಬರ್ ಹಾಕಿ ಮಾಡಿರೋ ದಾರಿಗಳು) ವಿಷಯ ಊರಲ್ಲಿ ತಲೆನೋವೇ ಅಲ್ಲ, ಪಕ್ಕದ ಮನೆ ಇರೋದೇ ತೋಟದಾಚೆ. ನಮ್ಮನೇಲಿ ಎರಡು ರೌಟರು ಒಂದರ ಮೇಲೊಂದು ಬೀಳಬಾರ್ದು ಅಷ್ಟೇ, ಅದಕ್ಕೆ 5 ಗಿಗಾಹರ್ಟ್ಸಲ್ಲಿ ಒಂದಕ್ಕೆ 36, ಇನ್ನೊಂದಕ್ಕೆ 149 ಕೊಟ್ಟೆ. 52ರಿಂದ 144ರವರೆಗಿನದ್ದು ರಾಡಾರ್ ಜೊತೆ ಹಂಚಿಕೊಳ್ಳೋ ಜಾಗ, ರೌಟರ್ ಮೊದಲು ಒಂದು ನಿಮಿಷ ಕಿವಿಗೊಟ್ಟು ಕೇಳಿ ಆಮೇಲೆ ಶುರು ಮಾಡ್ಬೇಕು, ಬಿಟ್ಟುಬಿಟ್ಟೆ. ಬೆಂಗಳೂರಲ್ಲಿ ತಮ್ಮನ ಫ್ಲಾಟಲ್ಲಿ ಕಥೆ ಪೂರ್ತಿ ಉಲ್ಟಾ, ಗೋಡೆ ತೆಳು, ಅಕ್ಕಪಕ್ಕದವರದ್ದೆಲ್ಲ ಒಳಗೇ ಬರುತ್ತೆ. 2.4ರಲ್ಲಿ ನಮ್ಮ ದೇಶದಲ್ಲಿ 13 ಚಾನೆಲ್ ಇದ್ರೂ ಒಂದಕ್ಕೂ ಇನ್ನೊಂದಕ್ಕೂ ಅಂತರ 5 ಮೆಗಾಹರ್ಟ್ಸ್, ಸಿಗ್ನಲ್ ಅಗಲ 20, ಹಾಗಾಗಿ ಒಂದಕ್ಕೊಂದು ತಾಗದ ಹಾಗೆ ಸಾಮಾನ್ಯವಾಗಿ ಬಳಸೋದು 1, 6, 11. ಅಲ್ಲಿ ಸಿಗ್ನಲ್ ಅಗಲ 40 ಮೆಗಾಹರ್ಟ್ಸ್ ಮಾಡಿಕೊಳ್ಳೋದು ಬರೀ ದುರಾಸೆ.

ಇನ್ನು ಸೆಕ್ಯುರಿಟಿ. ಕನೆಕ್ಷನ್ ಕೊಡೋಕೆ ಬಂದ ಹುಡುಗ ಪಾಸ್‌ವರ್ಡಿಗೆ ನನ್ನ ಮೊಬೈಲ್ ನಂಬರ್ರೇ ಹಾಕಿದ್ದ, ಸುಮಾರು ಮನೆಗಳಲ್ಲಿ ಇದೇ ಪದ್ಧತಿ. ಡಬ್ಲ್ಯೂಪಿಎ2 ಅನ್ನೋ ವೈಫೈ ಬೀಗದ ಪದ್ಧತೀಲಿ ಫೋನು ರೌಟರಿಗೆ ಕನೆಕ್ಟ್ ಆಗುವಾಗ ಪಾಸ್‌ವರ್ಡ್ ತಾಳೆ ನೋಡೋ ಮಾತುಕತೆ, ಅಂದ್ರೆ ಹ್ಯಾಂಡ್‌ಶೇಕ್, ಯಾರಾದ್ರೂ ಹಿಡ್ಕೊಂಡು ಹೋದ್ರೆ, ಮನೇಲಿ ಕೂತು ಆರಾಮಾಗಿ ಊಹೆ ಮಾಡಿ ತಾಳೆ ನೋಡಬಹುದು. ನಮ್ಮ ಮೊಬೈಲ್ ನಂಬರ್ 6ರಿಂದ 9ರೊಳಗೆ ಶುರುವಾಗೋ ಹತ್ತಂಕಿ, ಅಂದ್ರೆ ಹೆಚ್ಚಂದ್ರೆ 400 ಕೋಟಿ. ಕೇಳೋಕೆ ದೊಡ್ಡದು, ಒಳ್ಳೇ ಗ್ರಾಫಿಕ್ಸ್ ಕಾರ್ಡಿಗೆ ಕೆಲವೇ ಗಂಟೆ ಕೆಲಸ. ಸಂಬಂಧ ಇಲ್ಲದ ನಾಲ್ಕೈದು ಕನ್ನಡ ಪದ ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿ ಉದ್ದ ಮಾಡಿದೆ, ಅಮ್ಮಂಗೂ ನೆನಪಿರುತ್ತೆ. 2018ರಲ್ಲಿ ಬಂದ ಡಬ್ಲ್ಯೂಪಿಎ3ನಲ್ಲಿ ಹಾಗೆ ಮನೇಲಿ ಕೂತು ಊಹೆ ಮಾಡೋಕಾಗಲ್ಲ, ರೌಟರಲ್ಲಿದ್ರೆ ಆನ್ ಮಾಡಿ.

ಪಾಸ್‌ವರ್ಡ್ ಬದಲು ಬಟನ್ ಒತ್ತಿ ಇಲ್ಲಾ ಪಿನ್ ಹಾಕಿ ಕನೆಕ್ಟ್ ಮಾಡೋ ಡಬ್ಲ್ಯೂಪಿಎಸ್ ಆಫ್ ಮಾಡಿಬಿಡಿ. ಅದರ ಪಿನ್ 8 ಅಂಕಿ ಇದ್ರೂ ಎರಡು ತುಂಡಾಗಿ ಪರೀಕ್ಷೆ ಮಾಡುತ್ತೆ, ಕೊನೇ ಅಂಕಿ ಬರೀ ತಾಳೆಗೆ, ಹಾಗಾಗಿ ಹೆಚ್ಚೆಂದ್ರೆ 11,000 ಸಲ ಪ್ರಯತ್ನ ಸಾಕು ಅಂತ 2011ರಲ್ಲೇ ಗೊತ್ತಾಗಿದೆ. ರೌಟರಿನ ಅಡ್ಮಿನ್ ಪಾಸ್‌ವರ್ಡೂ ಬದಲಾಯಿಸಿ. ವೈಫೈ ಹೆಸರು ಅಡಗಿಸಿಡೋದರಿಂದ ಏನೂ ಲಾಭ ಇಲ್ಲ, ಹೋದಲ್ಲೆಲ್ಲ ಫೋನೇ ಆ ಹೆಸರು ಕೂಗ್ತಾ ಹೋಗುತ್ತೆ.

ತೋಟದ ಪಂಪ್ ಕಂಟ್ರೋಲರ್ರಿಗೆ ಮಾತ್ರ 2.4 ಬಿಟ್ರೆ ಬೇರೆ ಗೊತ್ತಿಲ್ಲ, ಡಬ್ಲ್ಯೂಪಿಎ3ನೂ ಬರಲ್ಲ. ಅದನ್ನೂ ಅಂಗಳದ ಕ್ಯಾಮೆರಾನೂ ಡಬ್ಲ್ಯೂಪಿಎ2 ಇರೋ ಗೆಸ್ಟ್ ನೆಟ್‌ವರ್ಕಿಗೆ ತಳ್ಳಿದೀನಿ, ಅಲ್ಲಿಂದ ನನ್ನ ಲ್ಯಾಪ್‌ಟಾಪ್ ಕಾಣಲ್ಲ.